ಅಪಘಾತ: ‘ನಿಲ್’ – ರಾಜ್ಯದ ಕಾರ್ಮಿಕ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಕಾರ್ಮಿಕ ಸಚಿವರು, ಕರ್ನಾಟಕ ಸರ್ಕಾರ, ಬೆಂಗಳೂರು

ಪ್ರತಿ: ನಿರ್ದೇಶಕರು, ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ

ವಿಷಯ: ಸಣ್ಣ ಪ್ರೆಸ್ ಶಾಪ್‌ಗಳಲ್ಲಿ ಕಾರ್ಮಿಕರು ಬೆರಳು ಕಳೆದುಕೊಳ್ಳುತ್ತಿರುವುದು ಮತ್ತು ಆ ಅಪಘಾತಗಳು ಯಾವ ದಾಖಲೆಗೂ ಸೇರದಿರುವುದರ ಬಗ್ಗೆ.

ಮಾನ್ಯರೇ,

ನಾನು ಐಟಿಐನಲ್ಲಿ ಫಿಟ್ಟರ್ ಟ್ರೇಡ್ ಮುಗಿಸಿ, ಬೆಂಗಳೂರಿನ ಸಣ್ಣ ಪ್ರೆಸ್ ಶಾಪ್‌ಗಳಲ್ಲಿ ಇಪ್ಪತ್ತಾರು ವರ್ಷಗಳಿಂದ ಡೈ ಸೆಟ್ಟರ್ ಆಗಿ, ಅಂದರೆ ಪ್ರೆಸ್ಸಿಗೆ ಡೈ (ಅಚ್ಚು) ಕೂರಿಸುವವನಾಗಿ, ದುಡಿಯುತ್ತಿರುವವನು. ಪ್ರೆಸ್ ಶಾಪ್ ಎಂದರೆ ಕಬ್ಬಿಣದ ಶೀಟನ್ನು ಅಚ್ಚಿನ ಮೇಲಿಟ್ಟು, ಮೇಲಿಂದ ಇಳಿಯುವ ಪಂಚ್‌ನಿಂದ ಒತ್ತಿ, ಕತ್ತರಿಸಿ, ಬಗ್ಗಿಸಿ ಭಾಗಗಳನ್ನು ತಯಾರಿಸುವ ಜಾಗ. ತಮ್ಮ ಕಾರಿನ ಸೀಟಿನ ಕೆಳಗಿರುವ ಬ್ರ್ಯಾಕೆಟ್, ತಮ್ಮ ಕಚೇರಿಯ ಗೋಡೆಯಲ್ಲಿರುವ ಸ್ವಿಚ್ ಬಾಕ್ಸ್, ಮನೆಯ ಫ್ಯಾನಿನ ಒಳಗಿನ ತಗಡು ಇವೆಲ್ಲ ಇಂಥ ಯಾವುದೋ ಶೆಡ್ಡಿನಲ್ಲಿ, ಯಾರದೋ ಕೈ ಒಳಗೆ ಹೋಗಿ ಹೊರಬಂದ ನಂತರವೇ ಆಗಿರುತ್ತವೆ. ಈ ಇಪ್ಪತ್ತಾರು ವರ್ಷಗಳಲ್ಲಿ ಏಳು ಮಂದಿ ಬೆರಳು ಕಳೆದುಕೊಂಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವುಗಳಲ್ಲಿ ಸರ್ಕಾರದ ಕಾಗದಕ್ಕೆ ಏರಿದ್ದು ಒಂದೇ ಒಂದು. ಉಳಿದ ಆರೂ ನಡೆದ ವರ್ಷಗಳಲ್ಲಿ ಆಯಾ ಶೆಡ್ಡಿನ ಅಪಘಾತ ರಿಜಿಸ್ಟರಿನಲ್ಲಿ ‘ನಿಲ್’ (ಏನೂ ಇಲ್ಲ) ಎಂದು ಬರೆದು ಸಹಿ ಹಾಕಲಾಗಿದೆ. ಒಂದು ಕಡೆ ಆ ಪದವನ್ನು ಬರೆದದ್ದು ನಾನೇ, ಮಾಲೀಕರು ಹೇಳಿದರೆಂದು. ಈ ಪತ್ರವನ್ನು ಬರೆಯಲು ಅದೂ ಒಂದು ಕಾರಣ.

ನಾಲ್ಕು ವರ್ಷಗಳ ಹಿಂದಿನ ಒಂದು ಘಟನೆಯನ್ನು ತಮ್ಮ ಮುಂದೆ ವಿವರವಾಗಿ ಇಡಬೇಕಾಗಿದೆ. ಆ ಶೆಡ್ಡಿನ ಹೆಸರನ್ನಾಗಲಿ, ಆ ಹುಡುಗನ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ಅಲ್ಲಿ ಹದಿನಾಲ್ಕು ಮಂದಿ ಕೆಲಸ ಮಾಡುತ್ತಿದ್ದೆವು. ಮಾಲೀಕರ ಹಾಜರಿ ಪುಸ್ತಕದಲ್ಲಿ ಇದ್ದವರು ಐದು ಮಂದಿ, ಉಳಿದವರು ಕಾಂಟ್ರಾಕ್ಟರ್ ಕಡೆಯವರು. ಆ ಹುಡುಗ ರಾಯಚೂರು ಕಡೆಯವನು, ಇಪ್ಪತ್ತೈದು ವರ್ಷ. ಹೆಲ್ಪರ್ ಎಂದು ಸೇರಿ, ಮೂರನೆಯ ವಾರಕ್ಕೇ 50 ಟನ್ ಪ್ರೆಸ್ ಮುಂದೆ ಕುಳಿತಿದ್ದ. ಅವನಿಗೆ ಸಿಕ್ಕ ತರಬೇತಿ ಇಷ್ಟೇ: ಪಕ್ಕದ ಮಷಿನಿನವನು ಅರ್ಧ ದಿನ ತೋರಿಸಿಕೊಟ್ಟ.

ಅಪಘಾತಕ್ಕೆ ಎರಡು ದಿನ ಮುಂಚೆ ಅವನು ನನ್ನ ಹತ್ತಿರ ಬಂದು, “ಅಣ್ಣಾ, ಮಷಿನ್ ಡಬಲ್ ಹೊಡೀತೈತಿ” ಎಂದ. ತಮ್ಮ ಅಧಿಕಾರಿಗಳಿಗೆ ಇದರ ಅರ್ಥ ಗೊತ್ತು, ತಮಗಾಗಿ ಹೇಳುತ್ತೇನೆ. ಹಳೆಯ ಪಿನ್ ಕ್ಲಚ್ ಪ್ರೆಸ್‌ಗಳಲ್ಲಿ ಪೆಡಲ್ ಒತ್ತಿದೊಡನೆ ತಿರುಗುತ್ತಿರುವ ಭಾರದ ಚಕ್ರಕ್ಕೆ (ಫ್ಲೈವೀಲ್) ಒಂದು ಪಿನ್ ಹೋಗಿ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡ ಮೇಲೆ ಪಂಚ್ ಕೆಳಗಿಳಿದು ಪೂರ್ತಿ ಒಂದು ಸುತ್ತು ಮುಗಿಸಿ ಮೇಲೆ ಬರಲೇಬೇಕು, ನಡುವೆ ನಿಲ್ಲಿಸಲು ದೇವರಿಂದಲೂ ಆಗದು. ಪಿನ್ನನ್ನು ಹೊರತೆಗೆಯುವ ಭಾಗದ ಸ್ಪ್ರಿಂಗ್ ಸವೆದಿದ್ದರೆ ಅಥವಾ ತುಂಡಾಗಿದ್ದರೆ ಪಿನ್ ಹೊರಬರುವುದಿಲ್ಲ, ಕಾಲು ಪೆಡಲಿನಿಂದ ತೆಗೆದಿದ್ದರೂ ಪಂಚ್ ಎರಡನೆಯ ಸಲ ಇಳಿಯುತ್ತದೆ. ತಯಾರಾದ ಭಾಗವನ್ನು ತೆಗೆಯಲು ಕೈ ಡೈಯೊಳಗೆ ಹೋಗುವುದು ಸರಿಯಾಗಿ ಅದೇ ಹೊತ್ತಿಗೆ. ನಾನು ಮಾಲೀಕರಿಗೆ ಹೇಳಿದೆ. ಶನಿವಾರ ಮಾಲು ಹೋಗಬೇಕಿದೆ, ಭಾನುವಾರ ಬಿಚ್ಚೋಣ ಎಂದರು. ಅಂದು ಮಂಗಳವಾರ. ನಾನು ಮರುಮಾತಾಡಲಿಲ್ಲ.

ಗುರುವಾರ ರಾತ್ರಿ ಎರಡೂವರೆ ದಾಟಿತ್ತು. ಕೂಗು ಕೇಳಿಸಲಿಲ್ಲ, ಆರು ಪ್ರೆಸ್‌ಗಳು ಓಡುವ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ. ಅವನು ಎದ್ದು ನಿಂತು ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ನನ್ನ ಕಡೆಗೇ ನಡೆದು ಬಂದ. ತೋರುಬೆರಳು, ನಡುಬೆರಳು ಎರಡೂ ಬುಡದಿಂದಲೇ ಇರಲಿಲ್ಲ. ಮುಖದಲ್ಲಿ ನೋವಿಗಿಂತ ಹೆಚ್ಚಾಗಿ ಏನೋ ತಪ್ಪು ಮಾಡಿದವನ ಅಂಜಿಕೆ ಇತ್ತು. “ಅಣ್ಣಾ, ಡೈಗೆ ಏನಾದ್ರೂ ಆಗೇತೇನ್ ನೋಡು” ಎಂದದ್ದೇ ಅವನ ಮೊದಲ ಮಾತು. ಪ್ರಥಮ ಚಿಕಿತ್ಸೆಯ ಬಾಕ್ಸಿನಲ್ಲಿದ್ದ ಹತ್ತಿ ಮುಗಿದು ಎಷ್ಟೋ ತಿಂಗಳಾಗಿತ್ತು. ಮಷಿನ್ ಒರೆಸುವ ಬನಿಯನ್ ವೇಸ್ಟನ್ನೇ ಸುತ್ತಿದೆವು. ಇನ್ನೊಬ್ಬ ಹುಡುಗ ಡೈಯಿಂದ ತೆಗೆದ ಬೆರಳುಗಳನ್ನು ಊಟದ ಡಬ್ಬಿಗೆ ಹಾಕಿ, ಎಲ್ಲಿಂದಲೋ ತಂದ ಐಸನ್ನು ಮೇಲೆ ಸುರಿದ. ಆಸ್ಪತ್ರೆಯಲ್ಲಿ ಡಾಕ್ಟರ್ ಅದನ್ನು ನೋಡಿ, ತುಂಡಾದ ಬೆರಳನ್ನು ನೇರವಾಗಿ ಐಸಿನಲ್ಲಿ ಇಡಬಾರದು, ಶುಭ್ರವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಕವರಿಗೆ ಹಾಕಿ, ಆ ಕವರನ್ನು ಐಸಿನ ಮೇಲಿಡಬೇಕಿತ್ತು ಎಂದರು. ಆಮೇಲೆ ನಮ್ಮ ಮುಖ ನೋಡಿ, ಹೇಗೆ ತಂದಿದ್ದರೂ ಇವು ಜಜ್ಜಿಹೋಗಿವೆ, ಕೂಡಿಸಲು ಆಗುತ್ತಿರಲಿಲ್ಲ ಎಂದರು. ಆ ಎರಡನೆಯ ಮಾತನ್ನು ಅವರು ನಮ್ಮ ಸಮಾಧಾನಕ್ಕೆ ಹೇಳಿದರೋ ನಿಜವೋ ನಾನು ಕೇಳಲಿಲ್ಲ.

ಅಷ್ಟರಲ್ಲಿ ಕಾಂಟ್ರಾಕ್ಟರ್ ಬಂದಿದ್ದರು. ಗಾಯ ಹೇಗಾಯಿತೆಂದು ನರ್ಸ್ ಕೇಳಿದಾಗ, ರೂಮಿನ ಕಬ್ಬಿಣದ ಗೇಟಿಗೆ ಕೈ ಸಿಕ್ಕಿತು ಎಂದು ಅವರೇ ಹೇಳಿದರು, ಹಾಗೆಯೇ ಬರೆದುಕೊಳ್ಳಲಾಯಿತು. ನಾನು ಪಕ್ಕದಲ್ಲೇ ನಿಂತಿದ್ದೆ. ಬೆಳಿಗ್ಗೆ ಶೆಡ್ಡಿಗೆ ಹಿಂತಿರುಗಿದಾಗ ಡೈಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಅದೇ ಪ್ರೆಸ್ಸನ್ನು ಮತ್ತೆ ಓಡಿಸುತ್ತಿದ್ದರು, ಅದೇ ಸ್ಪ್ರಿಂಗಿನಲ್ಲಿ, ಬೇರೆ ಹುಡುಗನನ್ನು ಕೂರಿಸಿ. ಮಾಲು ಶನಿವಾರ ಹೋಯಿತು. ಗಾಯಗೊಂಡವನಿಗೆ ಎರಡು ಕಂತಿನಲ್ಲಿ ಇಪ್ಪತ್ತು ಸಾವಿರ ರೂಪಾಯಿ ಕೊಟ್ಟು, ಊರಿನ ಬಸ್ಸು ಹತ್ತಿಸಲಾಯಿತು.

ಮಾನ್ಯರೇ, ಈ ಇಪ್ಪತ್ತು ಸಾವಿರವನ್ನು ಕಾನೂನಿನ ಪಕ್ಕದಲ್ಲಿಟ್ಟು ನೋಡಬೇಕೆಂದು ಕೋರುತ್ತೇನೆ. ಆಗ ಜಾರಿಯಲ್ಲಿದ್ದ 1923ರ ಪರಿಹಾರ ಕಾಯ್ದೆಯ ಅನುಸೂಚಿಯಲ್ಲಿ ಮನುಷ್ಯನ ಕೈಯನ್ನು ಗಿಣ್ಣು ಗಿಣ್ಣಾಗಿ ಲೆಕ್ಕ ಹಾಕಿಡಲಾಗಿತ್ತು. ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇ. 30 ನಷ್ಟ, ಪೂರ್ತಿ ತೋರುಬೆರಳಿಗೆ ಶೇ. 14, ನಡುಬೆರಳಿಗೆ ಶೇ. 12, ಉಂಗುರ ಬೆರಳು ಅಥವಾ ಕಿರುಬೆರಳಿಗೆ ಶೇ. 7, ಒಂದೇ ಕೈಯ ಎರಡು ಬೆರಳು ಹೋದರೆ ಶೇ. 20, ನಾಲ್ಕೂ ಹೋದರೆ ಶೇ. 50. ಆ ಪಟ್ಟಿಯನ್ನು ಮೊದಲ ಸಲ ಓದಿದಾಗ ನನಗೆ ಹೊಟ್ಟೆ ತೊಳಸಿದಂತಾಗಿತ್ತು. ಈಗ ಅನ್ನಿಸುವುದು, ಆ ಪಟ್ಟಿಯಷ್ಟಾದರೂ ನ್ಯಾಯ ಆ ಹುಡುಗನಿಗೆ ಸಿಕ್ಕಿದ್ದರೆ ಸಾಕಿತ್ತು ಎಂದು. ತಿಂಗಳಿಗೆ 15,000 ರೂಪಾಯಿ ಸಂಬಳದ ಶೇ. 60ರ ಮೇಲೆ, ಇಪ್ಪತ್ತೈದರ ವಯಸ್ಸಿಗೆ ಕಾಯ್ದೆ ಕೊಟ್ಟಿದ್ದ 216.91ರ ಗುಣಕದಿಂದ ಲೆಕ್ಕ ಹಾಕಿದರೆ, ಎರಡು ಬೆರಳಿಗೆ ಅವನಿಗೆ ಸಲ್ಲಬೇಕಿದ್ದ ಪರಿಹಾರ 3,90,438 ರೂಪಾಯಿ. ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದಿದ್ದರೆ ಚಿಕಿತ್ಸೆ ಉಚಿತವಾಗಿ ದೊರೆತು, ಸಂಬಳದ ಶೇ. 90ರಲ್ಲಿ ಅಂಗವೈಕಲ್ಯದ ಪ್ರಮಾಣಕ್ಕೆ ತಕ್ಕಷ್ಟು, ಅಂದರೆ ತಿಂಗಳಿಗೆ ಸುಮಾರು 2,700 ರೂಪಾಯಿ, ಅವನು ಬದುಕಿರುವವರೆಗೂ ಬರುತ್ತಿತ್ತು. ಹತ್ತು ಮಂದಿ ಇರುವ ಕಡೆ ಇಎಸ್‌ಐ ಕಡ್ಡಾಯ. ಕಾಂಟ್ರಾಕ್ಟರ್ ಕಡೆಯವರನ್ನೂ ಸೇರಿಸಿ ಎಣಿಸಿದ್ದರೆ ನಾವು ಹದಿನಾಲ್ಕು ಮಂದಿ. ಎಣಿಸಿದವರು ಮಾತ್ರ ಯಾರೂ ಇರಲಿಲ್ಲ.

ಇಂಥ ಪ್ರತಿ ಅಪಘಾತದ ನಂತರವೂ ‘ಹುಡುಗ ಅಜಾಗರೂಕನಾಗಿದ್ದ’ ಎಂಬ ಒಂದೇ ಮಾತು ಕೇಳಿಬರುತ್ತದೆ. ಇಲಾಖೆಯ ಸುರಕ್ಷತಾ ಸಪ್ತಾಹದ ಪೋಸ್ಟರುಗಳಲ್ಲಿಯೂ ಕಾರ್ಮಿಕನಿಗೇ ಬುದ್ಧಿಮಾತು: ಎಚ್ಚರವಾಗಿರು, ಗಮನವಿಟ್ಟು ಕೆಲಸ ಮಾಡು. ನಾನು ಈ ಮಾತನ್ನು ಪೂರ್ಣವಾಗಿ ನಿರಾಕರಿಸುತ್ತೇನೆ. ಒಂದು ಶಿಫ್ಟಿನಲ್ಲಿ ಮೂರು ಸಾವಿರ ಸಲ ಕೈ ಒಳಗಿಟ್ಟು ಹೊರತೆಗೆಯುವವನು ಮೂರು ಸಾವಿರ ಸಲವೂ ಎಚ್ಚರವಾಗಿರಬೇಕೆಂದು ಬಯಸುವುದು ಯಾವ ನ್ಯಾಯ? ಗಮನ ಒಮ್ಮೆ ತಪ್ಪಿಯೇ ತಪ್ಪುತ್ತದೆ. ತಪ್ಪಿದಾಗಲೂ ಕೈ ಒಳಗೆ ಇರದಂತೆ ಮಷಿನನ್ನು ಕಟ್ಟುವುದು ಸುರಕ್ಷತೆ. 1948ರ ಕಾರ್ಖಾನೆ ಕಾಯ್ದೆಯ 21ನೆಯ ಕಲಂ ಹೇಳುತ್ತಿದ್ದುದೂ ಇದನ್ನೇ. ಯಂತ್ರದ ಅಪಾಯಕಾರಿ ಭಾಗಕ್ಕೆ ಭದ್ರವಾದ ತಡೆ ಇರಬೇಕೆಂದು ಅದು ಮಾಲೀಕನಿಗೆ ಹೇಳಿತ್ತೇ ಹೊರತು, ಜಾಗ್ರತೆಯಾಗಿರು ಎಂದು ಕಾರ್ಮಿಕನಿಗೆ ಹೇಳಿ ಕೈತೊಳೆದುಕೊಂಡಿರಲಿಲ್ಲ.

ಸುರಕ್ಷತಾ ಸಾಧನ ಇದ್ದ ಕಡೆಯೂ ನಾನು ಕಂಡದ್ದನ್ನು ಹೇಳಬೇಕು. ಇನ್ನೊಂದು ಶೆಡ್ಡಿನಲ್ಲಿ ಎರಡು ಕೈಯ ಬಟನ್ ಇರುವ ಒಳ್ಳೆಯ ನ್ಯೂಮ್ಯಾಟಿಕ್ ಪ್ರೆಸ್ ಇತ್ತು. ಎರಡೂ ಕೈಗಳಿಂದ ಎರಡು ಬಟನ್ ಒಟ್ಟಿಗೆ ಒತ್ತಿದರೆ ಮಾತ್ರ ಪಂಚ್ ಇಳಿಯಬೇಕು, ಆಗ ಕೈ ಒಳಗಿರಲು ಸಾಧ್ಯವೇ ಇಲ್ಲ ಎಂಬುದು ಅದರ ತರ್ಕ. ಬಲಗಡೆಯ ಬಟನ್ನಿನ ಮೇಲೆ ಕಪ್ಪು ಇನ್ಸುಲೇಷನ್ ಟೇಪನ್ನು ನಾಲ್ಕು ಸುತ್ತು ಬಿಗಿದು ಅದನ್ನು ಸದಾ ಒತ್ತಿದ ಸ್ಥಿತಿಯಲ್ಲಿ ಇಟ್ಟಿದ್ದರು. ಟೇಪ್ ಎಷ್ಟು ಹಳೆಯದೆಂದರೆ ಅಂಚಿನಲ್ಲಿ ಗೋಂದು ಕರಗಿ ಧೂಳು ಮೆತ್ತಿ ಗಟ್ಟಿಯಾಗಿತ್ತು. ಟೇಪ್ ಸುತ್ತಿದವನು ಆಪರೇಟರೇ, ನಿಜ. ಆದರೆ ಎರಡೂ ಕೈ ಬಳಸಿದರೆ ಗಂಟೆಗೆ ಬರಬೇಕಾದ ಪೀಸ್ ಬರುವುದಿಲ್ಲ, ಪೀಸ್ ಬರದಿದ್ದರೆ ದಿನದ ದುಡ್ಡು ಬರುವುದಿಲ್ಲ, ಟಾರ್ಗೆಟ್ ಇಟ್ಟವರು ಬೇರೆಯವರು. ಟೇಪನ್ನು ಸೂಪರ್‌ವೈಸರ್ ಪ್ರತಿದಿನ ನೋಡುತ್ತಿದ್ದರು. ಎರಡು ಬಟನ್ನೂ ಪ್ರತಿ ಸುತ್ತಿಗೆ ಒಮ್ಮೆ ಬಿಟ್ಟು ಮತ್ತೆ ಒತ್ತದಿದ್ದರೆ ಪ್ರೆಸ್ ಇಳಿಯದಂತೆ ಮಾಡುವ ರಿಲೇ ಮಾರುಕಟ್ಟೆಯಲ್ಲಿ ಸಿಗುತ್ತದೆ. ಅದನ್ನು ಹಾಕಿದ್ದರೆ ಟೇಪಿನಿಂದ ಏನೂ ಪ್ರಯೋಜನವಾಗುತ್ತಿರಲಿಲ್ಲ.

ತಪಾಸಣೆಗೆ ಬಂದವರ ಕಣ್ಣಿಗೆ ಒಳ್ಳೆಯದಾಗಿ ಕಾಣುವ, ಕೈಗೆ ಮಾತ್ರ ಏನೂ ಕಾಪಾಡದ ಇನ್ನೊಂದು ಸಾಧನವನ್ನೂ ಕಂಡಿದ್ದೇನೆ: ಪಿನ್ ಕ್ಲಚ್ ಪ್ರೆಸ್ಸಿಗೆ ಹಾಕಿದ ಲೈಟ್ ಕರ್ಟನ್ ಸೆನ್ಸರ್. ಕೈ ಅಡ್ಡ ಬಂದೊಡನೆ ಪ್ರೆಸ್ಸನ್ನು ನಿಲ್ಲಿಸುವುದು ಸೆನ್ಸರಿನ ಕೆಲಸ. ನಡುವಿನಲ್ಲಿ ನಿಲ್ಲಲಾರದ ಪ್ರೆಸ್ಸಿಗೆ ಅದನ್ನು ಹಾಕಿ ಫಲವೇನು? ಅಂಥ ಮಷಿನಿಗೆ ಬೇಕಾದದ್ದು ಕೈ ತೂರದಂಥ ಗಟ್ಟಿ ಗಾರ್ಡ್, ಇಲ್ಲವೆ ಕ್ಲಚ್ಚನ್ನೇ ಬದಲಿಸುವುದು. ಸೆನ್ಸರ್ ಇದೆಯೇ ಎಂದು ಕೇಳಿ ಹೌದು ಎಂದು ಟಿಕ್ ಹಾಕುವ ಫಾರಂ ಈ ವ್ಯತ್ಯಾಸವನ್ನು ಹಿಡಿಯಲಾರದು. ಪ್ರೆಸ್ಸಿನ ಕೆಳಗೆ ಕುಳಿತು ಕ್ಲಚ್ ನೋಡುವ ಅಧಿಕಾರಿ ಬೇಕು.

ಈಗ ಲೆಕ್ಕದ ವಿಷಯಕ್ಕೆ ಬರುತ್ತೇನೆ. ಕಾರ್ಖಾನೆಗಳ ಸುರಕ್ಷತೆಯನ್ನು ನೋಡಿಕೊಳ್ಳುವ, ಕೇಂದ್ರ ಸರ್ಕಾರದ ಡಿಜಿಫಾಸ್ಲಿ ಸಂಸ್ಥೆಯ ಅಂಕಿಅಂಶಗಳ ಪ್ರಕಾರ 2017ರಿಂದ 2020ರ ನಡುವೆ ದೇಶದ ನೋಂದಾಯಿತ ಕಾರ್ಖಾನೆಗಳಲ್ಲಿ ವರ್ಷಕ್ಕೆ ಸರಾಸರಿ 1,109 ಮಂದಿ ಸತ್ತಿದ್ದಾರೆ, 4,000ಕ್ಕಿಂತ ತುಸು ಹೆಚ್ಚು ಮಂದಿ ಗಾಯಗೊಂಡಿದ್ದಾರೆ. ಒಂದು ಸಾವಿಗೆ ನಾಲ್ಕು ಗಾಯ! ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಕೆಲಸದ ಅಪಘಾತಗಳಿಂದ ಸುಮಾರು 3.3 ಲಕ್ಷ ಮಂದಿ ಸಾಯುತ್ತಾರೆ, 39.5 ಕೋಟಿ ಮಂದಿ ಗಾಯಗೊಳ್ಳುತ್ತಾರೆ. ಅಂದರೆ ಒಂದು ಸಾವಿಗೆ ಸಾವಿರಕ್ಕೂ ಮಿಕ್ಕಿ ಗಾಯ. ಅವರ ಲೆಕ್ಕಕ್ಕೆ ಬರುವುದು ಕನಿಷ್ಠ ನಾಲ್ಕು ದಿನ ಕೆಲಸ ತಪ್ಪಿಸುವ ಗಾಯಗಳು. ನಮ್ಮ ಕಾರ್ಖಾನೆ ಕಾಯ್ದೆಯಲ್ಲಿ 48 ಗಂಟೆ ಕೆಲಸಕ್ಕೆ ಬರಲಾಗದ ಗಾಯವನ್ನೂ ವರದಿ ಮಾಡಬೇಕಿತ್ತು, ಆದ್ದರಿಂದ ನಮ್ಮಲ್ಲಿ ಗಾಯದ ಸಂಖ್ಯೆ ಇನ್ನೂ ಹೆಚ್ಚಿಗೆ ಕಾಣಬೇಕಿತ್ತು. ಭಾರತದ ಕಾರ್ಖಾನೆಗಳಲ್ಲಿ ಜನ ಸಾಯುತ್ತಾರೆ, ಗಾಯ ಮಾತ್ರ ಆಗುವುದಿಲ್ಲ ಎಂದು ಈ ಅಂಕಿ ಹೇಳುತ್ತದೆ. ಇದನ್ನು ನಂಬುವವರು ಯಾರಿದ್ದಾರೆ? ಹೆಣವನ್ನು ಮುಚ್ಚಿಡುವುದು ಕಷ್ಟ, ಬೆರಳನ್ನು ಮುಚ್ಚಿಡುವುದು ಸುಲಭ. ವ್ಯತ್ಯಾಸ ಅಷ್ಟೇ.

2023ರ ಡಿಸೆಂಬರಿನಲ್ಲಿ ವಿಜಯಪುರದ ಗೋದಾಮಿನಲ್ಲಿ ಮೆಕ್ಕೆಜೋಳದ ರಾಶಿಯ ಕೆಳಗೆ ಸಿಲುಕಿ ಬಿಹಾರದ ಏಳು ಮಂದಿ ಕಾರ್ಮಿಕರು ಸತ್ತಾಗ ರಾಜ್ಯಕ್ಕೆ ರಾಜ್ಯವೇ ನೋಡಿತು, ಸಚಿವರು ಸ್ಥಳಕ್ಕೆ ಹೋದರು, ಪರಿಹಾರ ಘೋಷಣೆಯಾಯಿತು. 2025ರ ಜೂನ್ 30ರಂದು ತೆಲಂಗಾಣದ ಪಾಶಮೈಲಾರಂನಲ್ಲಿ ಔಷಧ ಕಾರ್ಖಾನೆ ಸ್ಫೋಟಿಸಿ ನಲವತ್ತಕ್ಕೂ ಹೆಚ್ಚು ಮಂದಿ ಸತ್ತಾಗ ದೇಶವೇ ಮಾತಾಡಿತು. 1984ರ ಭೋಪಾಲದ ನಂತರವೇ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ಅಪಾಯಕಾರಿ ಉದ್ದಿಮೆಗಳ ಅಧ್ಯಾಯ ಸೇರಿತು. ಸಾವು ರಾಶಿಯಾಗಿ ಬಂದಾಗ ಕಾನೂನು ಕದಲುತ್ತದೆ. ಒಂದೊಂದಾಗಿ, ಒಂದೊಂದು ಶೆಡ್ಡಿನಲ್ಲಿ, ರಾತ್ರಿ ಪಾಳಿಯಲ್ಲಿ ಹೋಗುವ ಬೆರಳುಗಳು ರಾಶಿಯಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಹರಿಯಾಣದ ಗುರುಗ್ರಾಮ ಮತ್ತು ಮಾನೇಸರಗಳಲ್ಲಿ ಸೇಫ್ ಇನ್ ಇಂಡಿಯಾ ಎಂಬ ಸಂಸ್ಥೆ ಗಾಯಾಳುಗಳನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಬರೆದುಕೊಳ್ಳಲು ತೊಡಗಿದ ಮೇಲಷ್ಟೇ, ಮೋಟಾರು ವಾಹನದ ಬಿಡಿಭಾಗ ತಯಾರಿಸುವ ಶೆಡ್ಡುಗಳಲ್ಲಿ ಸಾವಿರಾರು ಕೈಗಳು ಹೀಗೆ ಹೋಗಿವೆ, ಅದರಲ್ಲಿ ಪವರ್ ಪ್ರೆಸ್ಸಿನ ಪಾಲೇ ದೊಡ್ಡದು, ಎಷ್ಟೋ ಮಂದಿಗೆ ಇಎಸ್‌ಐ ಕಾರ್ಡು ಸಿಕ್ಕಿದ್ದೇ ಅಪಘಾತವಾದ ನಂತರ ಎಂಬುದು ಹೊರಬಂತು. ನಮ್ಮ ಪೀಣ್ಯ, ಬೊಮ್ಮಸಂದ್ರ, ರಾಜಾಜಿನಗರಗಳಲ್ಲಿ ಹಾಗೆ ಹುಡುಕಿದರೆ ಸಿಗುವುದು ಬೇರೆಯಾಗಿರುತ್ತದೆ ಎಂದು ನಂಬಲು ನನ್ನ ಅನುಭವ ಒಪ್ಪುವುದಿಲ್ಲ.

ಸಣ್ಣ ಮಾಲೀಕರೆಲ್ಲ ಕಟುಕರೆಂದು ನಾನು ಹೇಳುತ್ತಿಲ್ಲ. ನಾನು ಕೆಲಸ ಮಾಡಿದ ಇಬ್ಬರು ಮಾಲೀಕರಿಗೇ ಬೆರಳು ಪೂರ್ತಿ ಇರಲಿಲ್ಲ, ಆಪರೇಟರುಗಳಾಗಿದ್ದು ಮೇಲೆ ಬಂದವರು. ದೊಡ್ಡ ಕಂಪನಿಯ ಭಾಗ ಅವರ ಕೈಗೆ ಬರುವ ಹೊತ್ತಿಗೆ ಮೂರು ಕೈ ದಾಟಿರುತ್ತದೆ, ಒಂದು ಪೀಸಿಗೆ ಉಳಿಯುವುದು ಪೈಸೆಗಳಲ್ಲಿ, ಬಿಲ್ ಬರುವುದು ಮೂರು ತಿಂಗಳಿಗೆ. ಮಷಿನನ್ನು ಗುಜರಿಯಿಂದಲೋ ಮುಚ್ಚಿದ ಕಾರ್ಖಾನೆಯಿಂದಲೋ ಸೆಕೆಂಡ್ ಹ್ಯಾಂಡ್ ತಂದಿರುತ್ತಾರೆ. ಗಾರ್ಡ್ ಮೊದಲೇ ಕಳಚಿಹೋಗಿರುತ್ತದೆ. ಗಾರ್ಡ್ ಇಲ್ಲದ ಮಷಿನನ್ನು ಮಾರಿದವನನ್ನು ಯಾರೂ ಕೇಳುವುದಿಲ್ಲ. ಹಳೆಯ ಕಾರ್ಖಾನೆ ಕಾಯ್ದೆಯ 26ನೆಯ ಕಲಮಿನಲ್ಲಿ ಗೇರು, ಸೆಟ್ ಸ್ಕ್ರೂಗಳನ್ನು ಮುಚ್ಚದೆ ಯಂತ್ರ ಮಾರಿದವನಿಗಿದ್ದ ದಂಡದ ಮಿತಿ ಐನೂರು ರೂಪಾಯಿ. ಹಾಗೆಂದು ಮಾಲೀಕನ ಕಷ್ಟದ ಬೆಲೆಯನ್ನು ಹುಡುಗನ ಕೈಯಿಂದ ವಸೂಲಿ ಮಾಡುವುದನ್ನು ನಾನು ಒಪ್ಪಲಾರೆ. ಆ ಗುರುವಾರ ಒಂದು ಸ್ಪ್ರಿಂಗ್ ಬದಲಿಸಲು ಬೇಕಿದ್ದುದು ಅರ್ಧ ದಿನ ಮತ್ತು ಕೆಲವು ನೂರು ರೂಪಾಯಿ.

ಕಾನೂನು ಈಗ ಬದಲಾಗಿದೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೆಯ ಕಾಯ್ದೆಯಲ್ಲಿ ವಿದ್ಯುತ್ ಬಳಸುವ, ಹತ್ತು ಮಂದಿ ಇರುವ ಜಾಗ ಕಾರ್ಖಾನೆಯಾಗುತ್ತಿತ್ತು. ನಾಲ್ಕರಲ್ಲಿ ಒಂದಾದ, ಕೆಲಸದ ಜಾಗದ ಸುರಕ್ಷತೆಯ ಹೊಸ ಸಂಹಿತೆಯಲ್ಲಿ ಆ ಸಂಖ್ಯೆ ಇಪ್ಪತ್ತು. ಹದಿನಾಲ್ಕು ಮಂದಿಯ ನಮ್ಮ ಶೆಡ್ಡು ಈಗ ಕಾರ್ಖಾನೆಯೇ ಅಲ್ಲ. ಹತ್ತು ಮಂದಿ ಇರುವ ಕೆಲಸದ ಜಾಗಕ್ಕೆ ಮಾಲೀಕನ ಸಾಮಾನ್ಯ ಕರ್ತವ್ಯಗಳು ಅನ್ವಯಿಸುತ್ತವೆ ಎಂಬುದನ್ನು ಬಲ್ಲೆ. ಆದರೆ ಕಾರ್ಖಾನೆ ಎಂಬ ಹೆಸರು ಹೋದಾಗ ಕಾರ್ಖಾನೆಗೆಂದೇ ಇರುವ ಕಟ್ಟುನಿಟ್ಟೂ ಅದರ ಜೊತೆಗೇ ಹೋಗುತ್ತದೆ. ಬೆರಳುಗಳು ಹೆಚ್ಚಾಗಿ ಹೋಗುವುದು ಇಂಥ ಶೆಡ್ಡುಗಳಲ್ಲೇ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು. ಅದೇ ಸಂಹಿತೆಯಲ್ಲಿ, ಅಪಾಯಕಾರಿ ಎಂದು ಕೇಂದ್ರ ಸರ್ಕಾರ ಅಧಿಸೂಚಿಸಿದ ಕೆಲಸದಲ್ಲಿ ಒಬ್ಬನೇ ಕಾರ್ಮಿಕನಿದ್ದರೂ ಕಾನೂನು ಅನ್ವಯಿಸುವ ಅವಕಾಶವಿದೆ. ಪವರ್ ಪ್ರೆಸ್ ಕೆಲಸವನ್ನು ಆ ಪಟ್ಟಿಗೆ ಸೇರಿಸುವಂತೆ ರಾಜ್ಯ ಸರ್ಕಾರದ ಪರವಾಗಿ ತಾವು ಕೇಂದ್ರಕ್ಕೆ ಬರೆಯಬೇಕೆಂಬುದು ನನ್ನ ಮೊದಲ ಕೋರಿಕೆ.

ಎರಡನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಅಪಘಾತದ ಲೆಕ್ಕವನ್ನು ಮಾಲೀಕನ ಕೈಯಿಂದ ತೆಗೆದು ಆಸ್ಪತ್ರೆಯ ಕೈಗೆ ಕೊಡುವುದು. ಗಾಯವನ್ನು ಬರೆಯಬೇಕಾದವನೇ ಗಾಯಕ್ಕೆ ಹೊಣೆಯಾಗುವವನು ಆಗಿರುವಾಗ ‘ನಿಲ್’ ಬಿಟ್ಟು ಬೇರೇನು ಬರೆದಾನು? ಜಜ್ಜಿದ ಅಥವಾ ತುಂಡಾದ ಬೆರಳಿನೊಂದಿಗೆ ಯಾರೇ ಬಂದರೂ, ಸರ್ಕಾರಿ ಇರಲಿ ಖಾಸಗಿ ಇರಲಿ, ಆ ಆಸ್ಪತ್ರೆಯು ಗಾಯ ಎಲ್ಲಿ ಆಯಿತು, ಯಾವ ಮಷಿನಿನಲ್ಲಿ ಆಯಿತು ಎಂಬುದನ್ನು ಗಾಯಾಳುವಿನಿಂದಲೇ, ಕಾಂಟ್ರಾಕ್ಟರ್ ಮತ್ತು ಸೂಪರ್‌ವೈಸರನ್ನು ಹೊರಗೆ ಕಳಿಸಿ, ಅವನ ಭಾಷೆಯಲ್ಲಿ ಕೇಳಿ ಬರೆದು, ಅದೇ ದಿನ ಇಲಾಖೆಗೆ ತಿಳಿಸಬೇಕು. ಎರಡು ಬೆರಳನ್ನು ಬುಡದಿಂದ ಕತ್ತರಿಸುವ ಗೇಟು ಯಾವ ರೂಮಿನಲ್ಲೂ ಇರುವುದಿಲ್ಲ ಎಂಬುದು ಬ್ಯಾಂಡೇಜ್ ಕಟ್ಟುವವರಿಗೆ ಗೊತ್ತಿರುತ್ತದೆ; ಅವರಿಗೆ ಅದನ್ನು ಬರೆಯುವ ಕರ್ತವ್ಯವನ್ನೂ, ಬರೆದವರಿಗೆ ರಕ್ಷಣೆಯನ್ನೂ ಕೊಡಿ. ಈ ಒಂದು ಕೆಲಸವಾದರೆ ಉಳಿದವು ತಾವಾಗಿಯೇ ಹಿಂದೆ ಬರುತ್ತವೆ. ಯಾವ ಬಡಾವಣೆಯಲ್ಲಿ, ಯಾವ ಬಗೆಯ ಪ್ರೆಸ್ಸಿನಲ್ಲಿ, ಯಾವ ಹೊತ್ತಿನಲ್ಲಿ ಗಾಯ ಹೆಚ್ಚು ಎಂಬುದು ಗೊತ್ತಾದರೆ ಇರುವಷ್ಟೇ ಅಧಿಕಾರಿಗಳನ್ನು ಸರಿಯಾದ ಬಾಗಿಲಿಗೆ ಕಳಿಸಬಹುದು.

ಅಧಿಕಾರಿಗಳು ಹೇಳದೆ ಬರಬೇಕು. ಕಾರ್ಮಿಕ ತಪಾಸಣೆ ಕುರಿತ ಅಂತಾರಾಷ್ಟ್ರೀಯ ಒಡಂಬಡಿಕೆ 81ನ್ನು ಭಾರತ 1949ರಲ್ಲೇ ಒಪ್ಪಿದೆ. ಮುನ್ಸೂಚನೆ ಇಲ್ಲದೆ ಹಗಲು ರಾತ್ರಿಯ ಯಾವ ಹೊತ್ತಿನಲ್ಲಾದರೂ ಕೆಲಸದ ಜಾಗವನ್ನು ಪ್ರವೇಶಿಸುವ ಅಧಿಕಾರ ಇನ್‌ಸ್ಪೆಕ್ಟರಿಗೆ ಇರಬೇಕೆಂದು ಅದು ಹೇಳುತ್ತದೆ. ಹೊಸ ಸಂಹಿತೆಯಲ್ಲಿ ಇನ್‌ಸ್ಪೆಕ್ಟರ್ ಜೊತೆಗೆ ‘ಫೆಸಿಲಿಟೇಟರ್’ (ನೆರವು ನೀಡುವವನು) ಎಂಬ ಹೆಸರು ಸೇರಿದೆ, ಕಂಪ್ಯೂಟರ್ ಆರಿಸಿದ ಜಾಗಕ್ಕೆ ಹೋಗುವ ಪದ್ಧತಿ ಬಂದಿದೆ. ಸಲಹೆ ಕೊಡುವುದು ಒಳ್ಳೆಯದೇ. ಆದರೆ ನನ್ನ ಇಪ್ಪತ್ತಾರು ವರ್ಷಗಳಲ್ಲಿ ರಾತ್ರಿ ಪಾಳಿಗೆ ಒಬ್ಬ ಅಧಿಕಾರಿ ಬಂದದ್ದನ್ನು ಒಮ್ಮೆಯೂ ಕಂಡಿಲ್ಲ, ಹಗಲು ಬಂದವರು ಬರುವ ದಿನ ಶೆಡ್ಡಿಗೆ ಮೊದಲೇ ತಿಳಿದಿರುತ್ತಿತ್ತು. ಅಂದು ಬೆಳಿಗ್ಗೆ ಟೇಪ್ ಬಿಚ್ಚುತ್ತಿದ್ದೆವು, ಸಂಜೆ ಮತ್ತೆ ಸುತ್ತುತ್ತಿದ್ದೆವು. 2023ರಲ್ಲಿ ನಮ್ಮ ರಾಜ್ಯವೇ ಆಗಿನ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ ಹನ್ನೆರಡು ಗಂಟೆವರೆಗೆ ದುಡಿಸಲು ದಾರಿ ಮಾಡಿ, ಮೂರು ತಿಂಗಳ ಓಟಿಯ (ಹೆಚ್ಚುವರಿ ದುಡಿಮೆಯ) ಮಿತಿಯನ್ನು 75ರಿಂದ 145 ಗಂಟೆಗೆ ಏರಿಸಿತು. ಹತ್ತನೆಯ ಗಂಟೆಯ ನಂತರ ಕೈ ಹೇಗೆ ತಡವಾಗುತ್ತದೆಂದು ಪ್ರೆಸ್ ಮುಂದೆ ಕುಳಿತವನಿಗೆ ಗೊತ್ತು. ಅಂಥ ದೀರ್ಘ ದುಡಿಮೆಯಿಂದ ಪ್ರೆಸ್ ಆಪರೇಟರುಗಳನ್ನಾದರೂ ಹೊರಗಿಡಬೇಕೆಂದು ಬೇಡುತ್ತೇನೆ.

ಇನ್ನು ಮಷಿನುಗಳ ಮಾತು. ರಾಜ್ಯದಲ್ಲಿರುವ ಪ್ರತಿ ಪವರ್ ಪ್ರೆಸ್ಸಿಗೂ ಒಂದು ನಂಬರು ಕೊಡಿ. ಬಾಯ್ಲರ್ ಒಂದನ್ನು ನೋಂದಾಯಿಸಿ, ವರ್ಷ ವರ್ಷ ಪರೀಕ್ಷಿಸಿ, ಸರ್ಟಿಫಿಕೇಟ್ ಇಲ್ಲದೆ ಓಡಿಸಬಾರದೆಂಬ ವ್ಯವಸ್ಥೆಯನ್ನು ಇದೇ ಇಲಾಖೆ ದಶಕಗಳಿಂದ ನಡೆಸುತ್ತಿದೆ. ಇಲಾಖೆಯ ಹೆಸರಿನಲ್ಲೇ ಬಾಯ್ಲರ್ ಇದೆ. ಬಾಯ್ಲರಿಗೆ ಆಗುವುದು ಪ್ರೆಸ್ಸಿಗೆ ಏಕಾಗದು? ಸೆಕೆಂಡ್ ಹ್ಯಾಂಡ್ ಪ್ರೆಸ್ ಕೈ ಬದಲಾಗುವಾಗ ಗಾರ್ಡ್ ಮತ್ತು ಕ್ಲಚ್ ಪರೀಕ್ಷಿಸಿದ ಪ್ರಮಾಣಪತ್ರ ಇಲ್ಲದೆ ಮಾರಾಟವೇ ನಡೆಯಬಾರದು. ಪಿನ್ ಕ್ಲಚ್ ಪ್ರೆಸ್‌ಗಳನ್ನು ಬದಲಿಸಲು ಸಣ್ಣ ಮಾಲೀಕರಿಗೆ ಕಡಿಮೆ ಬಡ್ಡಿಯ ಸಾಲವನ್ನೋ ಸಹಾಯಧನವನ್ನೋ ಕೊಡಿ, ಅದಕ್ಕೊಂದು ಗಡುವನ್ನೂ ಇಡಿ. ಅಲ್ಲಿಯವರೆಗೆ ಕನಿಷ್ಠ ಇಕ್ಕಳ ಮತ್ತು ಮ್ಯಾಗ್ನೆಟ್ ಕಡ್ಡಿ ಪ್ರತಿ ಪ್ರೆಸ್ಸಿನ ಪಕ್ಕದಲ್ಲಿ ನೇತಾಡುತ್ತಿರಲಿ. ಅವಕ್ಕೆ ಆಗುವ ಖರ್ಚು ಒಂದು ಊಟದ್ದು.

ಪ್ರೆಸ್ ಮುಟ್ಟುವ ಮೊದಲೇ ಕಾರ್ಮಿಕನ ಕೈಯಲ್ಲಿ ಇಎಸ್‌ಐ ನಂಬರ್ ಇರಬೇಕು, ಅಪಘಾತವಾದ ದಿನ ನೋಂದಣಿಯಾದವನ ಪ್ರಕರಣವನ್ನು ತಾನಾಗಿಯೇ ತನಿಖೆಗೆ ತೆಗೆದುಕೊಳ್ಳಬೇಕು. ಇದು ಕೇಂದ್ರದ ನಿಗಮಕ್ಕೆ ಸೇರಿದ್ದು ಎಂಬ ಉತ್ತರ ಬರುತ್ತದೆಂದು ನನಗೆ ಗೊತ್ತು. ಒಂದೇ ಅಪಘಾತದ ಬಗ್ಗೆ ಎರಡು ಸರ್ಕಾರಗಳ ಎರಡು ಕಚೇರಿಗಳು ಪರಸ್ಪರ ಮಾತಾಡಿಕೊಳ್ಳಲಾರವೇ? ಮಷಿನ್ ಡಬಲ್ ಹೊಡೆಯುತ್ತಿದೆ ಎಂದು ಹೇಳಿ ಕೆಲಸ ನಿಲ್ಲಿಸಿದವನನ್ನು ಮನೆಗೆ ಕಳಿಸಬಾರದು. ಅವನು ದೂರು ಕೊಡಲು, ತನ್ನ ಹೆಸರು ಹೊರಬರದಂತೆ, ಕನ್ನಡ, ಹಿಂದಿ, ಒಡಿಯಾ, ತಮಿಳು, ತೆಲುಗುಗಳಲ್ಲಿ ಉತ್ತರಿಸುವ ಒಂದು ಫೋನ್ ನಂಬರನ್ನು ಪ್ರತಿ ಶೆಡ್ಡಿನ ಗೋಡೆಗೆ ಬರೆಸಿ. ಹೊಸ ಸಂಹಿತೆಯಲ್ಲಿ, ಮಾಲೀಕನ ಲೋಪದಿಂದ ಸಾವು ಅಥವಾ ತೀವ್ರ ಗಾಯವಾದರೆ ವಿಧಿಸುವ ದಂಡದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದ ಮೊತ್ತವನ್ನು ಗಾಯಾಳುವಿಗೋ ಅವನ ವಾರಸುದಾರರಿಗೋ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕೆ ಇದೆ. ಒಳ್ಳೆಯ ಕಲಮು. ಪ್ರಕರಣ ದಾಖಲಾದರೆ ತಾನೆ ನ್ಯಾಯಾಲಯದವರೆಗೆ ಹೋಗುವುದು.

ಪ್ರತಿ ವರ್ಷ ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ದಿನವನ್ನು ಆಚರಿಸಲಾಗುತ್ತದೆ. ಅಪಘಾತವಿಲ್ಲದ ಕಾರ್ಖಾನೆಗಳಿಗೆ ಪ್ರಶಸ್ತಿಗಳನ್ನು ಕೊಡಲಾಗುತ್ತದೆ. ಮುಂದಿನ ಮಾರ್ಚ್ 4ರೊಳಗೆ ಬೆಂಗಳೂರಿನ ಸರ್ಕಾರಿ ಮತ್ತು ಇಎಸ್‌ಐ ಆಸ್ಪತ್ರೆಗಳಲ್ಲಿ ಆ ವರ್ಷ ಬೆರಳು ತುಂಡಾಗಿ ಬಂದವರ ಸಂಖ್ಯೆಯನ್ನು ಹಾಗೂ ಅದೇ ವರ್ಷ ಇಲಾಖೆಗೆ ವರದಿಯಾದ ಬೆರಳಿನ ಅಪಘಾತಗಳ ಸಂಖ್ಯೆಯನ್ನು ಅಕ್ಕಪಕ್ಕದಲ್ಲಿಟ್ಟು ಪ್ರಕಟಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಇದಕ್ಕೆ ಹೊಸ ಕಾನೂನು ಬೇಡ, ಹೊಸ ಹಣವೂ ಬೇಡ.

ಆ ಹುಡುಗ ಕಳೆದ ಯುಗಾದಿಗೆ ಫೋನ್ ಮಾಡಿದ್ದ. ಊರಿನಲ್ಲಿ ಎಡಗೈಯಿಂದ ಸಹಿ ಹಾಕುವುದನ್ನು ಕಲಿತಿದ್ದಾನಂತೆ, ಬ್ಯಾಂಕಿನವರು ಹಳೆಯ ಸಹಿಗೆ ಹೊಂದುವುದಿಲ್ಲ ಎಂದು ಮೂರು ಸಲ ಓಡಾಡಿಸಿದರಂತೆ. ಪರಿಹಾರಕ್ಕೆ ಈಗಲೂ ಅರ್ಜಿ ಹಾಕಬಹುದೇ ಎಂದು ಕೇಳಿದ. 1923ರ ಕಾಯ್ದೆಯಲ್ಲಿ ಅರ್ಜಿ ಹಾಕಲು ಎರಡು ವರ್ಷಗಳ ಅವಧಿ ಇತ್ತು, ಸೂಕ್ತ ಕಾರಣವಿದ್ದರೆ ಆಯುಕ್ತರು ತಡವನ್ನು ಮನ್ನಿಸಬಹುದು ಎಂದು ತಿಳಿದುಕೊಂಡು ಹೇಳಿದೆ. ಅವನ ಆಸ್ಪತ್ರೆಯ ಚೀಟಿಯಲ್ಲಿ ಮಾತ್ರ ಈಗಲೂ ಗೇಟು ಎಂದೇ ಇದೆ. ಅದು ಗೇಟಲ್ಲ, 50 ಟನ್ನಿನ ಪಿನ್ ಕ್ಲಚ್ ಪ್ರೆಸ್, ಅದರ ಡೈಯನ್ನು ಸೆಟ್ ಮಾಡಿದ್ದು ನಾನು, ಸ್ಪ್ರಿಂಗ್ ಸವೆದಿರುವುದು ಎರಡು ದಿನ ಮುಂಚೆಯೇ ನನಗೂ ಮಾಲೀಕರಿಗೂ ಗೊತ್ತಿತ್ತು ಎಂದು ತಮ್ಮ ಯಾವ ಅಧಿಕಾರಿಯ ಮುಂದೆ ಬೇಕಾದರೂ ಪ್ರಮಾಣ ಮಾಡಿ ಹೇಳಿಕೆ ಕೊಡಲು ನಾನು ಸಿದ್ಧನಿದ್ದೇನೆ. ದಿನಾಂಕ ಮತ್ತು ಸ್ಥಳ ತಿಳಿಸಿದರೆ ಬರುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಒಬ್ಬ ಡೈ ಸೆಟ್ಟರ್
ಬೆಂಗಳೂರು